ಮೈಕಿನ ಮುಂದೆ ನಾ. ಕಸ್ತೂರಿ

ಕನ್ನಡ ನಾಡಿನ ಮೊದಲ ಬಾನುಲಿ ಹುಟ್ಟಿದ್ದು ಒಬ್ಬ ಮೇಷ್ಟರ ಮನೆಯಲ್ಲಿ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಬೋಧಿಸುತ್ತಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ ಪ್ರಸಾರ ಆರಂಭಿಸಿದರು. ಟ್ರಾನ್ಸ್‌ಮಿಟರಿನ ಶಕ್ತಿ 30 ವಾಟ್. ನಮ್ಮ ನಡುಮನೆಗಳಲ್ಲಿ ಉರಿಯುತ್ತಿದ್ದ ಹಳೇ ಬಲ್ಬುಗಳಿಗೂ ಅದಕ್ಕಿಂತ ಹೆಚ್ಚು ಬೇಕಾಗುತ್ತಿತ್ತು! 250 ವಾಟಿನದು ಆಮೇಲೆ ಬಂತು.

ಈ ಸಾಹಸದಲ್ಲಿ ಅವರಿಗೆ ಜೊತೆಯಾದವರು ಅದೇ ಕಾಲೇಜಿನ ಇತಿಹಾಸದ ಅಧ್ಯಾಪಕ ನಾ. ಕಸ್ತೂರಿ. ನಿಲಯಕ್ಕೆ ‘ಆಕಾಶವಾಣಿ’ ಎಂಬ ಹೆಸರು ಸೂಚಿಸಿದವರು ಅವರೇ ಎಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಮುಂದೆ ಇಡೀ ದೇಶದ ಬಾನುಲಿಗೇ ಆ ಹೆಸರು ಬಂತು.

1897ರಲ್ಲಿ ಕೇರಳದ ತೃಪ್ಪೂಣಿತ್ತುರದಲ್ಲಿ ಹುಟ್ಟಿದ ಕಸ್ತೂರಿಯವರ ಮನೆಮಾತು ಮಲಯಾಳ. ಉದ್ಯೋಗಕ್ಕೆಂದು ಮೈಸೂರಿಗೆ ಬಂದ ಮೇಲೆ ಕನ್ನಡ ಕಲಿತರು. ಕಲಿತದ್ದಷ್ಟೇ ಅಲ್ಲ, ಕನ್ನಡಿಗರನ್ನು ಕನ್ನಡದಲ್ಲೇ ನಗಿಸಿದರು. ಅವರ ನಗೆನಿಘಂಟು ‘ಅನರ್ಥಕೋಶ’ವನ್ನು ಕೈಗೆತ್ತಿಕೊಂಡವರಿಗೆ ಅದು ಎಂಥ ಸಾಧನೆಯೆಂದು ಬಿಡಿಸಿ ಹೇಳಬೇಕಿಲ್ಲ. ರಾಶಿಯವರ ಹಾಸ್ಯಪತ್ರಿಕೆ ‘ಕೊರವಂಜಿ’ಯಲ್ಲೂ ಅವರ ಲೇಖನಿ ಹರಿಯಿತು. ಆ ನಗೆಬರಹದ ಪಳಗಿದ ಕೈಯೇ ಬಾನುಲಿಗೂ ಒದಗಿತೆಂದು ನಾನು ನಂಬಿದ್ದೇನೆ. ಓದುಗ ಬೇಕಾದರೆ ಹಿಂದಿನ ಸಾಲಿಗೆ ಮರಳಬಹುದು, ಕೇಳುಗನಿಗೆ ಆ ಅನುಕೂಲವಿಲ್ಲ. ಮಾತು ಮೊದಲ ಸಲಕ್ಕೇ ನಾಟಬೇಕು.

1955ರ ನವೆಂಬರ್ 2ರಂದು ಆಕಾಶವಾಣಿ ಬೆಂಗಳೂರಿಗೆ ಬಂತು. ಅಧ್ಯಾಪನದಿಂದ ನಿವೃತ್ತರಾಗಿದ್ದ ಕಸ್ತೂರಿಯವರು ಇಲ್ಲಿ ನಿರ್ಮಾಪಕರಾದರು. ಆಗ ನಮ್ಮ ರಾಜಾಜಿನಗರ ಎದ್ದು ನಿಲ್ಲುತ್ತಿದ್ದ ಹೊಸ ಬಡಾವಣೆ. ರೇಡಿಯೊ ಇಟ್ಟುಕೊಂಡವರು ಅಂಚೆ ಕಚೇರಿಗೆ ಹೋಗಿ ಲೈಸೆನ್ಸ್ ಶುಲ್ಕ ಕಟ್ಟಬೇಕಿತ್ತು. ರೇಡಿಯೊ ಇಲ್ಲದವರು ಪಕ್ಕದ ಮನೆಯ ಕಿಟಕಿಯ ಬಳಿ ನಿಂತೇ ನಾಟಕ ಕೇಳುತ್ತಿದ್ದ ಕಾಲವದು.

ಕಸ್ತೂರಿಯವರು ಬಳಿಕ ಪುಟ್ಟಪರ್ತಿಗೆ ಹೋಗಿ ಅಲ್ಲಿನ ಆಶ್ರಮದ ‘ಸನಾತನ ಸಾರಥಿ’ ಪತ್ರಿಕೆಯ ಸಂಪಾದಕರಾದರು, 1987ರಲ್ಲಿ ತೀರಿಕೊಂಡರು. ಅವರ ಪುಸ್ತಕಗಳು ಉಳಿದಿವೆ. ಬಾನುಲಿಯ ಆ ಮೊದಲ ದಿನಗಳ ಮಾತುಗಳಾದರೋ ಹೆಚ್ಚಿನವು ನೇರ ಪ್ರಸಾರವಾಗಿ ಗಾಳಿಯಲ್ಲೇ ಕರಗಿದವು. ಇದು ಕನ್ನಡ ಸಾಹಿತ್ಯಕ್ಕೇ ಆದ ನಷ್ಟ.

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಯ ಹಿರಿಯರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಬಾನುಲಿ ನಾಟಕದ ಹಸ್ತಪ್ರತಿ, ಭಾಷಣದ ಟಿಪ್ಪಣಿ, ಟೇಪಿನ ಸುರುಳಿ ಸಿಕ್ಕರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಆಕಾಶವಾಣಿಗೋ ಹತ್ತಿರದ ಗ್ರಂಥಾಲಯಕ್ಕೋ ತಲುಪಿಸಿ.