ಕನಗನಹಳ್ಳಿಯ ಮಹಾಚೈತ್ಯ: ಸಂಕೇತ ಮತ್ತು ಅಕ್ಷರ

ಕಲಬುರಗಿ ಜಿಲ್ಲೆಯಲ್ಲಿ ಭೀಮಾನದಿಯ ದಂಡೆಯ ಮೇಲಿರುವ ಸನ್ನತಿ, ಚಂದ್ರಲಾಂಬಾ ದೇವಿಯ ಕ್ಷೇತ್ರವೆಂದು ಪ್ರಸಿದ್ಧ. 1980ರ ದಶಕದಲ್ಲಿ ಅಲ್ಲಿಯ ಕಾಳಿಯ ಗುಡಿ ಕುಸಿದಾಗ, ಮೂರ್ತಿಗೆ ಪೀಠವಾಗಿದ್ದ ಕಲ್ಲು ಅಶೋಕನ ಶಾಸನವೆಂದು ತಿಳಿದುಬಂದಿತು. ಮುಂದಿನ ದಶಕದಲ್ಲಿ ಸಮೀಪದ ಕನಗನಹಳ್ಳಿಯಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯು ನಡೆಸಿದ ಉತ್ಖನನದಿಂದ ಬೃಹತ್ ಬೌದ್ಧ ಸ್ತೂಪವೊಂದು ಬೆಳಕು ಕಂಡಿತು. ಅಲ್ಲಿಯ ಶಾಸನಗಳಲ್ಲಿ ಅದರ ಹೆಸರು 'ಅಧೋಲೋಕ ಮಹಾಚೈತ್ಯ'.

ಸ್ತೂಪಕ್ಕೆ ಗರ್ಭಗೃಹವಿಲ್ಲ, ಒಳಹೊಕ್ಕು ದರ್ಶನ ಪಡೆಯುವ ಕ್ರಮವೂ ಇಲ್ಲ. ಪ್ರದಕ್ಷಿಣೆಯೇ ಅಲ್ಲಿ ಪೂಜೆ. ಹಾಗೆ ಸುತ್ತುವವರ ಕಣ್ಣೆದುರಿಗೆ ಸುಣ್ಣಕಲ್ಲಿನ ಫಲಕಗಳ ಮೇಲೆ ಜಾತಕಕಥೆಗಳೂ ಬುದ್ಧನ ಜೀವನದ ಘಟನೆಗಳೂ ಸಾಲಾಗಿ ತೆರೆದುಕೊಳ್ಳುತ್ತವೆ. ಈ ಘಟನೆಗಳಲ್ಲಿ ಬುದ್ಧನ ಇರವನ್ನು ಸಂಕೇತಗಳೇ ಸೂಚಿಸುತ್ತವೆ. ಬೋಧಿವೃಕ್ಷ ಸಂಬೋಧಿಯನ್ನೂ ಧರ್ಮಚಕ್ರ ಮೊದಲ ಉಪದೇಶವನ್ನೂ ಸ್ತೂಪ ಪರಿನಿರ್ವಾಣವನ್ನೂ ಸೂಚಿಸಿದರೆ, ಬರಿದಾದ ಆಸನವೂ ಪಾದಮುದ್ರೆಗಳೂ ಅವನ ಸಾನ್ನಿಧ್ಯವನ್ನು ಹೇಳುತ್ತವೆ. ಬುದ್ಧಮೂರ್ತಿಗಳು ಇಲ್ಲಿ ಸೇರಿದ್ದು ಅನಂತರದ ಹಂತದಲ್ಲಿ.

ಅರಸರ ವಿಷಯ ಬೇರೆ. ಅವರಿಗೆ ರೂಪವೂ ಬೇಕು, ಹೆಸರೂ ಬೇಕು. ರಾಣಿಯೊಡನೆ ನಿಂತ ಅರಸನಿಗೆ ಪರಿಚಾರಿಕೆಯರು ಛತ್ರ ಚಾಮರಗಳನ್ನು ಹಿಡಿದಿರುವ ಫಲಕವೊಂದಿದೆ. ಅದರಲ್ಲಿ 'ರಾಯಾ ಅಸೋಕೋ' ಎಂಬ ಬ್ರಾಹ್ಮೀ ಬರಹವಿದೆ. ಈ ಎರಡು ಪದಗಳಿಲ್ಲದಿದ್ದರೆ ಆತ ಹೆಸರಿಲ್ಲದ ಹಲವು ಅರಸರಲ್ಲಿ ಒಬ್ಬನಾಗುತ್ತಿದ್ದ. ದೇವಾನಾಂಪ್ರಿಯನು ಅಶೋಕನೇ ಎಂಬುದನ್ನು 1915ರಲ್ಲಿ ದೊರೆತ ಮಸ್ಕಿ ಶಾಸನ ಸ್ಥಿರಪಡಿಸಿತು. ಆ ಹೆಸರಿಗೆ ಕನಗನಹಳ್ಳಿ ಆಕೃತಿಯನ್ನಿತ್ತಿತು. ಆದರೆ ಇದನ್ನು ಅಶೋಕನ ಯಥಾರ್ಥ ಭಾವಚಿತ್ರವೆಂದು ಭ್ರಮಿಸಬಾರದು. ಅವನು ಗತಿಸಿ ಶತಮಾನಗಳಾದ ಮೇಲೆ ಸಾತವಾಹನರ ಕಾಲದ ಶಿಲ್ಪಿ ಕಡೆದ ರೂಪವಿದು. ಇಲ್ಲಿ ಕಾಣುವುದು ಅಶೋಕನ ಮುಖವಲ್ಲ, ಈ ನಾಡಿನ ಜನ ಉಳಿಸಿಕೊಂಡ ಅಶೋಕನ ನೆನಪು.

ಸಾತವಾಹನ ದೊರೆಗಳೂ ಹೆಸರುಸಹಿತ ಇಲ್ಲಿದ್ದಾರೆ. ಪುಳುಮಾವಿಯು ಉಜ್ಜಯಿನಿಯನ್ನು ಕೊಡುತ್ತಿರುವ ದೃಶ್ಯ ರಾಜಕೀಯ ಇತಿಹಾಸಕ್ಕೆ ಆಧಾರವಾದರೆ, ಸಾತಕಣಿಯು ಮಹಾಚೈತ್ಯಕ್ಕೆ ಬೆಳ್ಳಿಯ ಪದ್ಮಗಳನ್ನು ಅರ್ಪಿಸುತ್ತಿರುವುದು ಇನ್ನೊಂದು ಫಲಕದಲ್ಲಿದೆ. ಆ ಬೆಳ್ಳಿ ಇಂದಿಲ್ಲ, ದಾನದ ಸುದ್ದಿಯನ್ನು ಕಲ್ಲು ಹೇಳುತ್ತಿದೆ. ದಾನಿಗಳು ಅರಸರಷ್ಟೇ ಅಲ್ಲ. ಭಿಕ್ಷು ಭಿಕ್ಷುಣಿಯರೂ ಗೃಹಸ್ಥರೂ ತಮ್ಮ ಕೊಡುಗೆಗಳ ಮೇಲೆ ಹೆಸರು ಬರೆಯಿಸಿದ್ದಾರೆ.

ಈ ಬರಹಗಳ ಭಾಷೆ ಪ್ರಾಕೃತ. ಕನ್ನಡದಲ್ಲಿ ಇಂದಿಗೂ ಬಾಳುತ್ತಿರುವ 'ರಾಯ' ಪದದ ಪ್ರಾಕೃತ ರೂಪವನ್ನು ಹಲ್ಮಿಡಿ ಶಾಸನಕ್ಕಿಂತ ಹಲವು ಶತಮಾನಗಳ ಹಿಂದೆಯೇ ಕನ್ನಡ ನೆಲದಲ್ಲಿ ಕೊರೆಯಲಾಗಿತ್ತೆಂಬುದು ಭಾಷಾಭ್ಯಾಸಿಗಳು ಗಮನಿಸಬೇಕಾದ ಸಂಗತಿ. ಕನಗನಹಳ್ಳಿಯನ್ನು ಶಿಲ್ಪಶಾಸ್ತ್ರಜ್ಞರಿಗಷ್ಟೇ ಬಿಟ್ಟುಕೊಟ್ಟರೆ ಅಕ್ಷರ ಹಿಂದೆ ಸರಿಯುತ್ತದೆ; ಶಾಸನಜ್ಞರಿಗಷ್ಟೇ ಬಿಟ್ಟರೆ ಬರಿದಾದ ಆಸನ ಕಣ್ತಪ್ಪುತ್ತದೆ. ಎರಡನ್ನೂ ಒಟ್ಟಿಗೆ ಓದುವುದೇ ಈ ಚೈತ್ಯಕ್ಕೆ ಸಲ್ಲುವ ಪ್ರದಕ್ಷಿಣೆ.