ದುಭಾಷಿ

ಸಂಸ್ಕೃತದ ‘ದ್ವಿಭಾಷಿ’ಯೇ ಆಡುಮಾತಿನಲ್ಲಿ ಸವೆದು ‘ದುಭಾಷಿ’ ಆಯಿತು. ‘ದು’ ಎಂದರೆ ಎರಡು. ‘ದುರ್ಭಾಷೆ’ಗೂ ಇದಕ್ಕೂ ನಂಟಿಲ್ಲ. ಒಬ್ಬರು ಆಡಿದ್ದನ್ನು ಇನ್ನೊಬ್ಬರಿಗೆ ಅವರ ಭಾಷೆಯಲ್ಲಿ ತಿಳಿಸುವವರು ದುಭಾಷಿಗಳು.

ಕೋರಮಂಡಲ ಕರಾವಳಿಯಲ್ಲಿ ಯುರೋಪಿನ ವರ್ತಕರ ಬಟ್ಟೆ ವ್ಯಾಪಾರ ಇವರ ಬಾಯಿಂದಲೇ ನಡೆಯುತ್ತಿತ್ತು. ಪುದುಚೇರಿಯಲ್ಲಿ ಫ್ರೆಂಚ್ ಗವರ್ನರ್ ಡೂಪ್ಲೆಯ ದುಭಾಷಿಯಾಗಿದ್ದ ಆನಂದರಂಗ ಪಿಳ್ಳೈ 1736ರಿಂದ ತಮಿಳಿನಲ್ಲಿ ಬರೆದ ದಿನಚರಿ ಆ ಕಾಲದ ಚರಿತ್ರೆಗೆ ದೊಡ್ಡ ಆಕರ. ‘ಡುಬಾಷ್’ ಆಗಿ ಇಂಗ್ಲಿಷಿಗೂ ಹೋದ ಪದಕ್ಕೆ ದಲ್ಲಾಳಿ ಎಂಬ ಅರ್ಥವೂ ಅಂಟಿಕೊಂಡಿತು. ನಮ್ಮಲ್ಲಿ ‘ದುಭಾಷಿ’ ಮನೆತನದ ಹೆಸರೂ ಹೌದು.

ದುಭಾಷಿಗಳು ಇಂದಿಗೂ ಬೇಕು: ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷಿ ಮಾತಾಡಿದರೆ, ನ್ಯಾಯಾಲಯ ಅದನ್ನು ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಿಸಲೇಬೇಕು. ಬಾಯಿಮಾತಿನ ಈ ಕೆಲಸ ಮಾಡುವವರನ್ನು ‘ಅನುವಾದಕ’ ಎನ್ನುವುದಕ್ಕಿಂತ ‘ದುಭಾಷಿ’ ಎನ್ನುವುದೇ ಸರಿ. ಧಾರಾಳವಾಗಿ ಬಳಸಿ.