ಮರದ ತುಂಡನ್ನು ಬಿಡದ ರೈತ

'ದಲಿತರ ಬರವಣಿಗೆಯಲ್ಲಿ ಅನುಭವ ಇದೆ, ಚಿಂತನೆ ಇಲ್ಲ' ಎಂಬ ಮಾತನ್ನು ಕೇಳುತ್ತಲೇ ಬಂದಿದ್ದೇವೆ. ಈ ಅಳತೆಗೋಲು ಬೇರೆ ದೇಶಗಳಲ್ಲೂ ಓಡಾಡಿದೆ.

1931-32ರಲ್ಲಿ ಸೋವಿಯತ್ ಮನಶ್ಶಾಸ್ತ್ರಜ್ಞ ಅಲೆಕ್ಸಾಂಡರ್ ಲೂರಿಯಾ ಉಜ್ಬೆಕಿಸ್ತಾನದ ಹಳ್ಳಿಗಳಿಗೆ ಹೋದರು. ಓದುಬರಹ ಇಲ್ಲದ ರೈತರ ಮುಂದೆ ಸುತ್ತಿಗೆ, ಗರಗಸ, ಕೊಡಲಿ, ಮರದ ತುಂಡು ಇವುಗಳ ಚಿತ್ರ ಇಟ್ಟು, ಗುಂಪಿಗೆ ಸೇರದ್ದು ಯಾವುದು ಅಂತ ಕೇಳಿದರು. 'ಸರಿಯುತ್ತರ' ಮರದ ತುಂಡು, ಉಳಿದವು ಉಪಕರಣ. ರೈತನೊಬ್ಬ ಒಪ್ಪಲಿಲ್ಲ. ಮರವೇ ಇಲ್ಲದಿದ್ದರೆ ಗರಗಸಕ್ಕೇನು ಕೆಲಸ? ಬೇರೊಬ್ಬ ಮರವನ್ನು ಹೊರಗಿಟ್ಟನಲ್ಲ ಎಂದಾಗ, ಅವನ ಮನೇಲಿ ಸೌದೆ ಬೇಕಾದಷ್ಟಿರಬೇಕು ಅಂದ.

ಲೂರಿಯಾ ಇದನ್ನು ಅಮೂರ್ತ ಚಿಂತನೆಯ ಕೊರತೆ ಎಂದೇ ಓದಿದರು. ನನಗಂತೂ ಇದು ಅಪ್ಪಟ ವರ್ಗ ವಿಶ್ಲೇಷಣೆಯಾಗಿ ಕೇಳಿಸುತ್ತದೆ. ಸೌದೆಯ ಚಿಂತೆ ಇಲ್ಲದವನಿಗೆ ಮಾತ್ರ ಮರ ಬಿಟ್ಟು ಯೋಚಿಸುವ ಬಿಡುವು. (ನಮ್ಮ ವಿಮರ್ಶಕರಿಗೂ ಸೌದೆಯ ಚಿಂತೆ ಇಲ್ಲ, ಬಿಡಿ.) ಆದರೆ ಲೂರಿಯಾಗೆ ಅನ್ಯಾಯ ಮಾಡಬಾರದು. ವ್ಯತ್ಯಾಸ ಹುಟ್ಟಿನಿಂದ ಬಂದದ್ದಲ್ಲ, ಬದುಕಿನಿಂದ, ಶಾಲೆಯಿಂದ ಬಂದದ್ದು ಎಂದವರೂ ಅವರೇ. ಸ್ವಲ್ಪ ಶಾಲೆ ಕಂಡವರು ಉಪಕರಣಗಳನ್ನೇ ಆರಿಸಿದ್ದರು. ಆದರೂ ಈ ಜನರನ್ನು ಕೀಳಾಗಿ ತೋರಿಸಿದ್ದಾರೆಂಬ ಆರೋಪ ಬಂದು, ಪುಸ್ತಕ ಹೊರಬಂದದ್ದು 1974ರಲ್ಲಿ.

1960ರ ದಶಕದಲ್ಲಿ ಮೈಕೇಲ್ ಕೋಲ್ ಮತ್ತು ಸಂಗಡಿಗರು ಆಫ್ರಿಕಾದ ಲೈಬೀರಿಯಾದಲ್ಲಿ ಕ್ಪೆಲ್ಲೆ ಜನರಿಗೆ ಹೀಗೇ ವಸ್ತುಗಳನ್ನು ವಿಂಗಡಿಸಲು ಹೇಳಿದರು. ಚಾಕು ಕಿತ್ತಳೆಯ ಜೊತೆ ಹೋಯಿತು. ಬುದ್ಧಿವಂತ ಇಡೋದೇ ಹೀಗೆ ಎಂಬ ಉತ್ತರ ಬಂತು. ಕೇಳಿ ಕೇಳಿ ಸೋತ ಸಂಶೋಧಕ, ಹಾಗಾದರೆ ದಡ್ಡ ಹೇಗಿಡ್ತಾನೆ ಎಂದ. ಆಗ ತಿನ್ನುವುದೆಲ್ಲ ಒಂದು ಕಡೆ, ಉಪಕರಣವೆಲ್ಲ ಇನ್ನೊಂದು ಕಡೆ, ಪಠ್ಯಪುಸ್ತಕದಲ್ಲಿರುವ ಹಾಗೇ ಒಪ್ಪವಾಗಿ ಜೋಡಿಸಿಟ್ಟರು.